ಹಕ್ಕಳೆ ಕಟ್ಟುವ ಲೋಹ

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಕಟ್ಟುವ ಹಳೆಯ ಕಬ್ಬಿಣದ ಗೂಟವನ್ನು ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದಂತೆ ಎದ್ದು ಬರುತ್ತದೆ. ಅದರಡಿ ಮತ್ತೊಂದು ಪದರ, ಅದರಡಿ ಇನ್ನೊಂದು. ಇದನ್ನೇ ನೋಡಿ ಬೆಳೆದ ನಮಗೆ, ಒಳ್ಳೆಯ ಲೋಹವೆಂದರೆ ಗಾಳಿಗೆ ಜಗ್ಗದ ಲೋಹವೆಂಬ ನಂಬಿಕೆ ಸಹಜ. ವಿಮಾನದ ಎಂಜಿನ್‌ನಂಥ ಗ್ಯಾಸ್ ಟರ್ಬೈನಿನ ಅಲಗುಗಳಾಗುವ, ಅತಿ ಕಾವು ತಾಳುವ ಮಿಶ್ರಲೋಹಗಳಾದ ನಿಕಲ್ ಸೂಪರ್ ಅಲಾಯ್‌ಗಳ ಮಟ್ಟಿಗೆ ಈ ನಂಬಿಕೆ ತಪ್ಪು. ಅವೂ ಆಮ್ಲಜನಕದೊಡನೆ ಕೂಡುತ್ತವೆ; ಹಾಗೆ ಕೂಡಲೆಂದೇ ಅವುಗಳಲ್ಲಿ ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿರುತ್ತಾರೆ.

ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಬಿಸಿ ಅಲಗಿನ ಮೇಲೆ ಈ ಎರಡರ ಆಕ್ಸೈಡ್ ಕಟ್ಟುತ್ತದೆ. ಗಾಯದ ಹಕ್ಕಳೆಯೆಂದರೆ ಇನ್ನೂ ಸರಿ: ಮೈಯಿಂದಲೇ ಹುಟ್ಟಿ ಮೈಯನ್ನೇ ಮುಚ್ಚುತ್ತದೆ, ಕಿತ್ತರೆ ಮತ್ತೆ ಕಟ್ಟುತ್ತದೆ. ಪದರ ಬೆಳೆದಷ್ಟೂ ಆಮ್ಲಜನಕವೋ ಲೋಹವೋ ಅದನ್ನು ದಾಟುವ ದಾರಿ ಉದ್ದವಾಗುವುದರಿಂದ, ದಪ್ಪ ಇಮ್ಮಡಿಯಾಗಲು ಸುಮಾರು ನಾಲ್ಕು ಪಟ್ಟು ಕಾಲ ಬೇಕು. ಆದರೆ ಎಂಜಿನ್ ಕಾದು ತಣಿದಾಗಲೆಲ್ಲ ಪದರ ಬಿರಿಯಬಹುದು. ಪ್ರತಿ ದುರಸ್ತಿಗೂ ಒಳಗಿನ ಅಲ್ಯೂಮಿನಿಯಂ ಖರ್ಚಾಗುತ್ತದೆ. ಚಿಟಿಕೆಯಷ್ಟು ಇಟ್ರಿಯಂ ಎಂಬ ಲೋಹ ಸೇರಿಸಿದರೆ ಪದರದ ಹಿಡಿತ ಬಿಗಿಯಾಗುತ್ತದೆ.

ನಿಜವಾದ ಶತ್ರು ಉಪ್ಪು. ಸಾಣಿಕಟ್ಟಾದ ಆಗರಗಳಲ್ಲಿ ನೀರಾರಿ ಉಪ್ಪು ಉಳಿಯುವುದನ್ನು ಕಂಡವರಿಗೆ ಉಪ್ಪೇ ನೀರಾಗಿ ಹರಿಯುವುದು ವಿಚಿತ್ರವೆನಿಸೀತು. ಕಡಲ ಗಾಳಿಯ ಉಪ್ಪು, ಇಂಧನದ ಗಂಧಕ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಅದು 884 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಹಕ್ಕಳೆಯನ್ನೇ ಕರಗಿಸತೊಡಗುತ್ತದೆ. ಕಾವು ಕಡಿಮೆಯಿದ್ದರೆ ಪಾರಾದೆವೆಂದುಕೊಳ್ಳುವಂತಿಲ್ಲ: ನಿಕಲ್ ಸಲ್ಫೇಟ್ ಜೊತೆಗೂಡಿದರೆ ಸುಮಾರು 671 ಡಿಗ್ರಿಗೇ ದ್ರವವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಕಡಲ ಮೇಲೆ ಹಾರುತ್ತಿದ್ದ ಯುದ್ಧವಿಮಾನಗಳ ಎಂಜಿನ್‌ಗಳು ತೀವ್ರವಾಗಿ ಸವೆದ ಮೇಲೆಯೇ ಈ ಪೀಡೆಗೆ ತಕ್ಕ ಗಮನ ಸಿಕ್ಕಿತು.

ಹಾಗಿದ್ದರೆ ಕ್ರೋಮಿಯಂ ಸುರಿದರಾಯಿತಲ್ಲ? ಉಪ್ಪಿಗೆ ಅದೇ ಮದ್ದು, ನಿಜ. ಆದರೆ ಅದು ಹೆಚ್ಚಾದರೆ ಟಂಗ್‌ಸ್ಟನ್, ರೀನಿಯಂಗಳಂಥ ಬಲ ಕೊಡುವ ಧಾತುಗಳಿಗೆ ಜಾಗ ಕಿರಿದಾಗುತ್ತದೆ. ಅವನ್ನೂ ಬಿಡದೆ ತುಂಬಿದರೆ ಲೋಹದೊಳಗೆ ಪೆಡಸು ಹರಳುಗಳು ಹುಟ್ಟುತ್ತವೆ. ಮೇಲಾಗಿ 1000 ಡಿಗ್ರಿ ದಾಟಿದರೆ ಕ್ರೋಮಿಯಂ ಆಕ್ಸೈಡ್ ಆವಿಯಾಗಿ ಹಾರತೊಡಗುತ್ತದೆ. ಆದ್ದರಿಂದಲೇ ನೆಲದ ಟರ್ಬೈನ್‌ಗಳ ಐಎನ್-738 ಎಂಬ ಮಿಶ್ರಲೋಹದಲ್ಲಿ ಶೇ. 16ರಷ್ಟು ಕ್ರೋಮಿಯಂ ಇದ್ದರೆ, ಹೆಚ್ಚಿನ ಕಾವು ತಾಳಬೇಕಾದ ಸಿಎಂಎಸ್‌ಎಕ್ಸ್-4ರಲ್ಲಿ ಶೇ. 6.5 ಮಾತ್ರ. ಇಂಥ ಅಲಗಿಗೆ ಹಕ್ಕಳೆ ಕಟ್ಟುವ ಕೆಲಸವನ್ನು ಅಲ್ಯೂಮಿನಿಯಂ ತುಂಬಿದ ಲೇಪಕ್ಕೆ ವಹಿಸುತ್ತಾರೆ. ಮಳೆಗಾಲದ ರಜೆಯಲ್ಲಿ ಬೋಟಿನ ಹಳೆ ಬಣ್ಣ ಕೆರೆದು ಹೊಸತು ಬಳಿಯುವಂತೆ, ಲೇಪ ಸವೆದಾಗ ಅದನ್ನೂ ಕಳಚಿ ಹೊಸದಾಗಿ ಹಾಕುತ್ತಾರೆ.