ಕರೆಂಟ್ ಹೋದರೂ ರೋಬೋಗೆ ಗೊತ್ತಾಗಲಿಲ್ಲ

ಸಂಜೆ ಆರೂವರೆ ಇರಬಹುದು. ಲ್ಯಾಬಿನಲ್ಲಿ ಕರೆಂಟ್ ಹೋಯಿತು. ಹುಡುಗರೆಲ್ಲ "ಓ..." ಎಂದು ಕೂಗಿದರು. ನೆಲದ ಮೇಲೆ ಓಡಾಡುತ್ತಿದ್ದ ನಮ್ಮ ಪುಟ್ಟ ರೋಬೋ ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇತ್ತು. ಕತ್ತಲಾದರೆ ತಲೆ ಮೇಲಿನ ಎಲ್‌ಇಡಿ ಹಚ್ಚಿಕೊಳ್ಳಬೇಕು ಎಂದು ಅದಕ್ಕೆ ಹೇಳಿಕೊಟ್ಟಿದ್ದೆವು. ಹಚ್ಚಲಿಲ್ಲ. ಕತ್ತಲೋ ಬೆಳಕೋ ಎಂದು ಅದು ತಿಳಿಯುವುದು ತನ್ನ ಕ್ಯಾಮೆರಾದ ಚಿತ್ರದಿಂದ. ಆಮೇಲೆ ಅದು ಬರೆದಿಟ್ಟ ಲಾಗ್ ತೆಗೆದು ನೋಡಿದರೆ, ಚಿತ್ರದ ಸರಾಸರಿ ಹೊಳಪು ಕರೆಂಟ್ ಇದ್ದಾಗ 118, ಹೋದಮೇಲೆ 111. ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ.

ಕೋಡಿನಲ್ಲಿ ತಪ್ಪಿರಲಿಲ್ಲ. ಓಪನ್‌ಸಿವಿ ಎಂಬ ಚಿತ್ರ-ಸಂಸ್ಕರಣೆಯ ಲೈಬ್ರರಿಯಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಎಲ್ಲ ಪಿಕ್ಸೆಲ್‌ಗಳ ಸರಾಸರಿ ತೆಗೆಯುವುದು. ಎರಡೇ ಸಾಲು. ತಪ್ಪಿದ್ದದ್ದು ನಾವು ಕ್ಯಾಮೆರಾವನ್ನು ಬೆಳಕಿನ ಮೀಟರ್ ಅಂದುಕೊಂಡದ್ದರಲ್ಲಿ.

ಕ್ಯಾಮೆರಾಕ್ಕೆ ಬೇಕಾದ್ದು ಒಂದೇ, ಚಿತ್ರ ಚೆನ್ನಾಗಿ ಬರಬೇಕು. ಬೆಳಕು ಕಡಿಮೆಯಾದರೆ ಅದು ಎಕ್ಸ್‌ಪೋಷರ್ ಹೆಚ್ಚಿಸುತ್ತದೆ, ಅಂದರೆ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಗೇನ್ ಏರಿಸಿ, ಸಿಕ್ಕಿದ ಸಿಗ್ನಲ್ಲನ್ನೇ ದೊಡ್ಡದು ಮಾಡುತ್ತದೆ. ಎಲ್ಲ ತನ್ನಷ್ಟಕ್ಕೆ ತಾನೇ. ನಾವು ಸರಾಸರಿ ಅಳೆಯುವ ಹೊತ್ತಿಗೆ ಕತ್ತಲೆಯ ಗುರುತನ್ನೆಲ್ಲ ಅದು ಒರೆಸಿಬಿಟ್ಟಿರುತ್ತದೆ.

ಹಾಗಾಗಿ ಚಿತ್ರ ಹೇಗಿದೆ ಎಂದಷ್ಟೇ ಕೇಳಿದರೆ ಸಾಲದು. ಆ ಚಿತ್ರ ತೆಗೆಯಲು ಎಷ್ಟು ಒದ್ದಾಡಿದೆ ಎಂದೂ ಕೇಳಬೇಕು. ನಮ್ಮದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾ. ಪಿಕ್ಯಾಮೆರಾ2 ಲೈಬ್ರರಿಯಲ್ಲಿ ಪ್ರತಿ ಫ್ರೇಮಿನ ಜೊತೆ ಬರುವ ವಿವರಗಳಲ್ಲೇ (ಮೆಟಾಡೇಟಾ) ಎಕ್ಸ್‌ಪೋಷರ್ ಸಮಯ ಮತ್ತು ಗೇನ್ ಸಿಗುತ್ತವೆ. ಮರುದಿನ ಅದೇ ಹೊತ್ತಿಗೆ ನಾವೇ ದೀಪ ಆರಿಸಿ ನೋಡಿದೆವು. ದೀಪ ಇದ್ದಾಗ 10,000 ಮೈಕ್ರೋಸೆಕೆಂಡ್, ಗೇನ್ 1.5. ಗುಣಿಸಿದರೆ 15,000. ಆರಿಸಿದ ಮೇಲೆ 33,000, ಗೇನ್ 8. ಗುಣಿಸಿದರೆ 2,64,000. ಹೆಚ್ಚುಕಡಿಮೆ ಅಷ್ಟೇ ಹೊಳಪಿನ ಚಿತ್ರಕ್ಕೆ 17-18 ಪಟ್ಟು ಒದ್ದಾಟ. ಬೆಳಕು ಅಷ್ಟು ಪಟ್ಟು ಇಳಿದಿದೆ ಎಂದರ್ಥ.

ಹೊಳಪನ್ನು ಈ ಗುಣಾಕಾರದ ಸಂಖ್ಯೆಯಿಂದ ಭಾಗಿಸಿದರೆ ಕೆಲಸಕ್ಕೆ ಬರುವ ಅಳತೆ ಸಿಗುತ್ತದೆ. ಒಂದು ಎಚ್ಚರಿಕೆ. ಚಿತ್ರದಲ್ಲಿ 128 ಎಂದರೆ ಅರ್ಧ ಬೆಳಕಲ್ಲ. ಕಣ್ಣಿಗೆ ಹೊಂದುವಂತೆ ಮಂಕು ಭಾಗಗಳ ಸಂಖ್ಯೆಯನ್ನು ಏರಿಸುವ ಗಾಮಾ ತಿದ್ದುಪಡಿಯಿಂದಾಗಿ ಅದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ. ಗಾಮಾ ತೆಗೆದು ಸರಾಸರಿ ಮಾಡಿ, ಇಲ್ಲವೇ ನೇರವಾಗಿ ಸೆನ್ಸರಿನಿಂದ ಬಂದ, ಇನ್ನೂ ತಿದ್ದದ ರಾ ಚಿತ್ರವನ್ನೇ ಬಳಸಿ. ಕ್ಯಾಮೆರಾ ಆನ್ ಮಾಡಿದ ಕೂಡಲೇ ಬರುವ ಫ್ರೇಮುಗಳನ್ನು ನಂಬಬೇಡಿ, ಒಂದು ಸೆಕೆಂಡ್ ಬಿಡಿ.

ಇಷ್ಟಾದ ಮೇಲೆ ಗೆದ್ದೆವು ಅಂದುಕೊಂಡಿದ್ದೆವು. ಆಗ ಅಡ್ಡ ಬಂದದ್ದು ಮೂಲೆಯಲ್ಲಿದ್ದ ಬೀರು. ಕಡು ಹಸಿರು ಬಣ್ಣದ ಹಳೇ ಕಬ್ಬಿಣದ ಬೀರು. ರೋಬೋ ಅದರ ಮುಂದೆ ನಿಂತರೆ "ಕತ್ತಲೆ" ಎನ್ನುತ್ತದೆ. ಹಾಗೇ ತಿರುಗಿ ಸುಣ್ಣ ಬಳಿದ ಗೋಡೆ ನೋಡಿದರೆ "ಬೆಳಕು" ಎನ್ನುತ್ತದೆ. ಟ್ಯೂಬ್‌ಲೈಟ್ ಅದೇ, ಕೋಣೆಯೂ ಅದೇ. ಯಾಕೆಂದರೆ ಕ್ಯಾಮೆರಾಕ್ಕೆ ಕಾಣುವುದು ವಸ್ತುವಿನಿಂದ ವಾಪಸ್ ಬರುವ ಬೆಳಕು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ತೋರಿಸುವ ಲಕ್ಸ್ ಮೀಟರ್ ಅಳೆಯುವುದು ಅದರ ಮೇಲೆ ಬೀಳುವ ಬೆಳಕು. ಇವೆರಡೂ ಬೇರೆ ಬೇರೆ.

ಒಂದು ಸುತ್ತು ತಿರುಗಿ ಸರಾಸರಿ ತೆಗೆಯಬಹುದು, ಚಾವಣಿ ನೋಡಿ ಅಳೆಯಬಹುದು. ನನಗೆ ಇಷ್ಟವಾದ ಉಪಾಯ ಇನ್ನೂ ಅಗ್ಗದ್ದು. ಒಂದು ಮದುವೆ ಕಾರ್ಡಿನ ಹಿಂಬದಿಯ ಬಿಳಿ ಭಾಗ ಕತ್ತರಿಸಿ, ರೋಬೋದ ಮೂತಿಯ ಮೇಲೆ, ಚಿತ್ರದ ಕೆಳಮೂಲೆಯಲ್ಲಿ ಕಾಣುವ ಹಾಗೆ ಅಂಟಿಸಿದೆವು. ಅಳತೆಗೆ ಆ ತುಂಡನ್ನು ಮಾತ್ರ ನೋಡುವುದು. ಎದುರಿಗೆ ಬೀರು ಇರಲಿ, ಗೋಡೆ ಇರಲಿ, ಕಾರ್ಡು ಬದಲಾಗುವುದಿಲ್ಲ ಅಲ್ವಾ? ಮಿರಮಿರ ಮಿಂಚುವ ಕಾರ್ಡು ಮಾತ್ರ ಬೇಡ, ಬಲ್ಬಿನ ಪ್ರತಿಬಿಂಬವೇ ಅದರಲ್ಲಿ ಕೂತುಬಿಡುತ್ತದೆ. ಕಾರ್ಡಿನ ಹೊಳಪು 255 ಮುಟ್ಟಿದರೆ ಆ ಲೆಕ್ಕ ಸುಳ್ಳು, ಎಕ್ಸ್‌ಪೋಷರ್ ಇಳಿಸಿ ಮತ್ತೆ ಅಳೆಯಬೇಕು. ಧೂಳು ಕೂತಾಗ ಹೊಸ ತುಂಡು ಅಂಟಿಸಬೇಕು.

ಎಕ್ಸ್‌ಪೋಷರನ್ನು ನೀವೇ ಗೊತ್ತುಮಾಡುವುದಾದರೆ 10 ಅಥವಾ 20 ಮಿಲಿಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ 100 ಸಲ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ಮಿನುಗುತ್ತವೆ; ಎಕ್ಸ್‌ಪೋಷರಿನಲ್ಲಿ ಪೂರ್ತಿ ಮಿನುಗೇ ಸಿಗಬೇಕು. ಅಮೆರಿಕದಲ್ಲಿ 60 ಹರ್ಟ್ಸ್. ಅಲ್ಲಿಯ ಕೋಡಿನಿಂದ 8.33 ಮಿಲಿಸೆಕೆಂಡ್ ಎಂದು ನಕಲು ಮಾಡಿದರೆ ಇಲ್ಲಿ ಚಿತ್ರದ ತುಂಬ ಅಡ್ಡ ಪಟ್ಟೆಗಳು ಬರಬಹುದು.

ಇಷ್ಟೆಲ್ಲ ಯಾಕೆ, ಬಿಎಚ್1750 ಎಂಬ ಬೆಳಕಿನ ಸೆನ್ಸರ್ ಹಾಕಿದರೆ ನೇರವಾಗಿ ಲಕ್ಸೇ ಕೊಡುತ್ತದಲ್ಲ ಎಂದು ಕೇಳುತ್ತಾರೆ. ನಿಜ. ಬರೀ ಲಕ್ಸ್ ಬೇಕಿದ್ದರೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಕಿಟಕಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗಿ ಕಾಣುತ್ತಿದೆಯಾ ಎಂಬುದನ್ನು ಅದು ಹೇಳುವುದಿಲ್ಲ. ನಾವು ಲಕ್ಸ್ ಮೀಟರನ್ನು ಕಾರ್ಡಿನ ಪಕ್ಕ ಹಿಡಿದು, ಐದಾರು ಬೇರೆ ಬೇರೆ ಬೆಳಕಿನಲ್ಲಿ ಎರಡನ್ನೂ ಬರೆದುಕೊಂಡು ಹೊಂದಿಸಿದೆವು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಆಫೀಸಿನ 400 ಲಕ್ಸೂ ನಮಗೆ ಬೆಳಕೇ, ಬಿಸಿಲಿನ ಲಕ್ಷ ಲಕ್ಸೂ ಬೆಳಕೇ.

ಕೊನೆಗೂ ಎಲ್‌ಇಡಿ ಹತ್ತಿತು. ಮರುಕ್ಷಣ ಆರಿತು. ಮತ್ತೆ ಹತ್ತಿತು. ತನ್ನ ದೀಪದ ಬೆಳಕನ್ನೇ ನೋಡಿ, ಓ ಬೆಳಕಾಯಿತು ಎಂದು ರೋಬೋ ಆರಿಸಿಕೊಳ್ಳುತ್ತಿತ್ತು. ಥೇಟ್ ದೀಪಾವಳಿಯ ಸೀರಿಯಲ್ ಸೆಟ್. ಈಗ ದೀಪ ಹತ್ತಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಚಿಟಿಕೆ ಹೊಡೆಯುವಷ್ಟು ಹೊತ್ತು ಆರಿಸಿ ಅಳೆಯುತ್ತೇವೆ. ಹಚ್ಚುವುದು 20 ಲಕ್ಸಿಗಿಂತ ಕೆಳಗೆ ಇಳಿದಾಗ, ಆರಿಸುವುದು 50 ದಾಟಿದಾಗ.