ಸ್ಟೂಡೆಂಟ್ ಫಿಲ್ಮ್‌ಗೆ ಓಪನಿಂಗ್ ಟೈಟಲ್ಸ್ ಅಂದ್ರೆ ಮೊದಲನೇ ಸೀನ್

ಟೈಟಲ್ ಡಿಸೈನ್, ಅಂದ್ರೆ ಸಿನಿಮಾ ಶುರುವಲ್ಲಿ ಹೆಸರುಗಳು ಬರೋ ಭಾಗ ಮಾಡೋ ಕೆಲಸದಲ್ಲಿರೋದ್ರಿಂದ ಸ್ಟೂಡೆಂಟ್ಸ್ ತಮ್ಮ ಶಾರ್ಟ್ ಫಿಲ್ಮ್ ತಂದು ತೋರಿಸ್ತಾ ಇರ್ತಾರೆ, ಮುಕ್ಕಾಲು ಪಾಲು ಒಂದೇ ಥರ ಶುರುವಾಗುತ್ತೆ. ಕಪ್ಪು ಸ್ಕ್ರೀನ್, ಗುಡುಗೋ ಸದ್ದಿನ ಜೊತೆ ಗಿರಗಿರ ತಿರುಗೋ ಒಂದು ಲೋಗೋ, ಅದರ ಹಿಂದೆ ಇನ್ನೊಂದು ಲೋಗೋ, ಆಮೇಲೆ ಟೆಂಪ್ಲೇಟಿಂದ ಎತ್ಕೊಂಡ ಹೊಗೆ, ಆ ಹೊಗೆಯೊಳಗಿಂದ ಒಂದೊಂದೇ ಹೆಸರು. ಇಷ್ಟಾಗೋ ಹೊತ್ತಿಗೆ ಒಂದೂವರೆ ನಿಮಿಷ ಹೋಗಿರುತ್ತೆ. ಸಿನಿಮಾ ಇರೋದೇ 10 ನಿಮಿಷ, ಅದರಲ್ಲಿ ಶೇಕಡಾ 15ರಷ್ಟು ಟೈಮು ಕಥೆ ಬಗ್ಗೆ ಏನೂ ಹೇಳದೆ ಮುಗಿದೋಯ್ತು. ಅಷ್ಟು ಕಷ್ಟಪಟ್ಟು ಶೂಟ್ ಮಾಡಿರೋರ ಸಿನಿಮಾ ಹೀಗೆ ಶುರುವಾದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಟೈಟಲ್ಸ್ ಬಗ್ಗೆ ನಾನು ಕೇಳೋದು ಒಂದೇ ಪ್ರಶ್ನೆ: ಇದನ್ನ ಪೂರ್ತಿ ಕತ್ತರಿಸಿ ಹಾಕಿದ್ರೆ ಕಥೆಗೆ ಏನಾದ್ರೂ ನಷ್ಟ ಆಗುತ್ತಾ? ಏನೂ ಆಗಲ್ಲ ಅಂದ್ರೆ ಅದು ಬೇಡ, ಮೊದಲ ಶಾಟ್ ಮೇಲೆ ಸಿನಿಮಾ ಹೆಸರು ಹಾಕಿ ಮುಂದೆ ಹೋಗಿ, ಉಳಿದ ಹೆಸರೆಲ್ಲ ಕೊನೆಗೆ ಬರ್ಲಿ.

ಈ ಕೆಲಸಕ್ಕೆ ಈಗಿರೋ ಮರ್ಯಾದೆ ಮೊದಲಿಂದ ಇರ್ಲಿಲ್ಲ. ಒಂದು ಕಾಲದಲ್ಲಿ ಹೆಸರುಗಳು ಓಡೋವಾಗ ಥಿಯೇಟರಲ್ಲಿ ಪರದೆಯನ್ನೇ ಪೂರ್ತಿ ಸರಿಸ್ತಿರ್ಲಿಲ್ಲ, ಹೆಸರು ಮುಗಿದ ಮೇಲೇನೇ ಸಿನಿಮಾ ಶುರು ಅಂತ ಲೆಕ್ಕ. 1955ರಲ್ಲಿ ಸಾಲ್ ಬಾಸ್ ಅನ್ನೋ ಗ್ರಾಫಿಕ್ ಡಿಸೈನರ್ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ಗೆ ಟೈಟಲ್ಸ್ ಮಾಡ್ದಾಗ, ಟೈಟಲ್ಸ್ ಶುರುವಾಗೋ ಮುಂಚೆನೇ ಪರದೆ ಸರಿಸಿ ಅಂತ ಪ್ರೊಜೆಕ್ಷನಿಸ್ಟ್‌ಗಳಿಗೆ ಚೀಟಿ ಹೋಗಿತ್ತು. ಅದ್ರಲ್ಲಿ ಇದ್ದಿದ್ದೇನು? ಕಪ್ಪು ಹಿನ್ನೆಲೆ ಮೇಲೆ ಸರಿದಾಡೋ ಬಿಳಿ ಪಟ್ಟಿಗಳು, ಕೊನೆಗೆ ಅವೇ ಪಟ್ಟಿಗಳು ಸೊಟ್ಟ ತಿರುಚಿದ ಒಂದು ಕೈ ಆಗ್ತವೆ, ಸಿನಿಮಾ ಡ್ರಗ್ ಚಟಕ್ಕೆ ಸಿಕ್ಕಿದವನ ಬಗ್ಗೆ. ಈಗಿನ ಯಾವ ಲ್ಯಾಪ್‌ಟಾಪಲ್ಲೂ ಮಾಡ್ಬಹುದಾದ ಗ್ರಾಫಿಕ್ಸ್ ಅದು, ಅದರ ಬಲ ಇರೋದು ಆ ಒಂದು ಕೈಯನ್ನ ಆರಿಸ್ಕೊಂಡಿದ್ರಲ್ಲಿ. ಇನ್ನೊಂದು ಕಡೆ 1995ರ ‘ಸೆವೆನ್’ ಇದೆ, ಅದರ ಟೈಟಲ್ಸ್ ಕೈಲ್ ಕೂಪರ್ ಮಾಡಿದ್ದು. ಆ ಸಿನಿಮಾದಲ್ಲಿ ಕೊಲೆಗಾರನ ಮುಖ ನಾವು ನೋಡೋದು ತುಂಬಾ ತಡವಾಗಿ, ಆದ್ರೆ ಅವನ ಕೈ, ಅವನ ನೋಟ್‌ಬುಕ್, ಅವನು ಹೊಲಿಯೋದು ಕತ್ತರಿಸೋದು ಎಲ್ಲಾ ಟೈಟಲ್ಸಲ್ಲೇ ಬಂದ್ಬಿಡುತ್ತೆ, ಹಾಗಾಗಿ ಅವನು ಕಾಣಿಸದೇ ಇರೋ ಸೀನಲ್ಲೂ ಅವನಿದ್ದಾನೆ ಅನ್ನೋ ಭಯ ಇರುತ್ತೆ. ಟೈಟಲ್ಸ್ ಇಲ್ಲದಿದ್ರೆ ಆ ಭಯ ಹುಟ್ಟೋಕೆ ಬೇರೆ ಜಾಗ ಹುಡುಕ್ಬೇಕಿತ್ತು.

ಸ್ಟೂಡೆಂಟ್ ಫಿಲ್ಮ್‌ಗೆ ಇದನ್ನ ಹೇಗೆ ಇಳಿಸೋದು? ಕಥೆಯೊಳಗಿಂದ ಒಂದು ವಸ್ತು ಅಥವಾ ಒಂದು ಕ್ರಿಯೆ ಆರಿಸಿ, ಒಂದೇ. ಉದಾಹರಣೆಗೆ ಮಾತು ಬಿಟ್ಟಿರೋ ಅಕ್ಕ ತಂಗಿ ಒಂದೇ ರೂಮಲ್ಲಿ ಇರ್ಬೇಕಾದ ಕಥೆ ಅಂತಿಟ್ಕೊಳ್ಳಿ. ಹೆಚ್ಚಿನವರಿಗೆ ಮೊದಲು ಹೊಳೆಯೋದು ಇಬ್ಬರ ಹಳೇ ಫೋಟೋಗಳನ್ನ ಒಂದಾದ್ಮೇಲೊಂದು ತೋರ್ಸೋದು, ಅದು ಬೇಡ, ಯಾವ ಕುಟುಂಬದ ಕಥೆಗಾದ್ರೂ ಹೊಂದುತ್ತೆ. ಅದರ ಬದಲು ಒಂದು ಕೈ ನೆಲದ ಮೇಲೆ ಟೇಪ್ ಅಂಟಿಸ್ತಾ ಹೋಗ್ಲಿ, ಬಾಗಿಲಿಂದ ಶುರುವಾಗಿ ಮಂಚದ ಕೆಳಗೆ, ಗೋಡೆ ಮೇಲೆ, ಕಪಾಟಿನ ಮಧ್ಯೆ, ಕೊನೆಗೆ ಕನ್ನಡಿ ನಡುವೆ. ಹೆಸರುಗಳು ಟೇಪಿನ ಆಚೆ ಒಂದು ಈಚೆ ಒಂದು ಬರ್ಲಿ, ಅಕ್ಕನ ಪಾತ್ರದವಳ ಹೆಸರು ಎಡಕ್ಕೆ, ತಂಗಿ ಪಾತ್ರದವಳದ್ದು ಬಲಕ್ಕೆ. ಸಿನಿಮಾ ಹೆಸರು ಕನ್ನಡಿ ಮೇಲೆ, ಟೇಪ್ ಅದರ ಮಧ್ಯದಲ್ಲೇ ಹಾಯ್ದು ಹೋಗ್ಲಿ. ಮ್ಯೂಸಿಕ್ ಬೇಕಾಗೇ ಇಲ್ಲ, ಟೇಪ್ ಕಿತ್ತು ಎಳೆಯೋ ಆ ಕರ್ಕಶ ಸದ್ದು ಸಾಕು. ಐದಾರು ಶಾಟ್, 35 ಸೆಕೆಂಡ್ ಒಳಗೆ ಮುಗಿಯುತ್ತೆ, ಮೊದಲ ಡೈಲಾಗ್ ಬರೋ ಮುಂಚೆನೇ ಇಬ್ಬರ ಜಗಳ ಯಾವ ಮಟ್ಟಕ್ಕೆ ಹೋಗಿದೆ ಅಂತ ನೋಡೋರಿಗೆ ಗೊತ್ತಾಗಿರುತ್ತೆ.

ಆದ್ರೆ ಇದನ್ನ ಎಡಿಟಿಂಗ್ ಟೇಬಲಲ್ಲಿ ಕೂತು ಯೋಚಿಸಿದ್ರೆ ತಡ ಆಯ್ತು, ಯಾಕಂದ್ರೆ ಆ ಶಾಟ್‌ಗಳೇ ನಿಮ್ಮ ಹತ್ರ ಇರಲ್ಲ. ಸ್ಕ್ರಿಪ್ಟ್ ಹಂತದಲ್ಲೇ ಒಂದೊಂದು ಕಾರ್ಡನ್ನೂ (ಒಂದು ಸಲಕ್ಕೆ ಸ್ಕ್ರೀನ್ ಮೇಲೆ ಬರೋ ಹೆಸರು) ಪೇಪರ್ ಮೇಲೆ ಬರೆದು, ಫೋನಲ್ಲಿ ಫೋಟೋ ತೆಗೆದು, ಎಡಿಟಿಂಗ್ ಟೈಮ್‌ಲೈನಲ್ಲಿ ಜೋಡಿಸಿ ಕಚ್ಚಾ ಸೌಂಡ್ ಹಾಕಿ ನೋಡಿ. ಅಲ್ಲಿ ಬೋರ್ ಹೊಡೆದ್ರೆ ಆನಿಮೇಷನ್ ಮಾಡಿದ್ಮೇಲೂ ಬೋರೇ. ಶೂಟ್ ಮಾಡುವಾಗ ಫ್ರೇಮಲ್ಲಿ ಹೆಸರಿಗೆ ಖಾಲಿ ಜಾಗ ಬಿಡಿ, ಪ್ರತಿ ಶಾಟನ್ನೂ ಬೇಕಾಗಿದ್ದಕ್ಕಿಂತ ಹತ್ತು ಸೆಕೆಂಡ್ ಜಾಸ್ತಿನೇ ಓಡಿಸಿ.

ಓದೋಕೆ ಟೈಮ್ ಕೊಡಿ. ಕಾರ್ಡನ್ನ ಜೋರಾಗಿ ಎರಡು ಸಲ ಓದಿ ಮುಗಿಸೋ ಅಷ್ಟು ಹೊತ್ತು ಅದು ನಿಲ್ಬೇಕು, ಒಂದು ಹೆಸರಿಗೆ ಸುಮಾರು ಎರಡು ಸೆಕೆಂಡ್, ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 48 ಫ್ರೇಮ್, ಫೇಡ್ ಆಗೋದು ಬಿಟ್ಟು. ಅಕ್ಷರ ಅಂಚಿಗೆ ಅಂಟ್ಕೊಂಡಿರ್ಬಾರ್ದು, 1920×1080 ಫ್ರೇಮಲ್ಲಿ ಎಡ ಬಲ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್ ಬಿಟ್ರೆ ಈಗಿನ ಟೈಟಲ್ ಸೇಫ್ (ಅಕ್ಷರ ಕತ್ತರಿಸಿ ಹೋಗದೆ ಕಾಣೋ ಜಾಗ) ಲೆಕ್ಕಕ್ಕೆ ಸರಿ. ಮೊದಲ ಸೀನಲ್ಲಿ ಮಾತಿದ್ರೆ ಕೆಳಗಿನ ಭಾಗಕ್ಕೆ ಹೆಸರು ಹಾಕ್ಬೇಡಿ, ನಾಳೆ ಸಬ್‌ಟೈಟಲ್ ಬಂದು ಅದರ ಮೇಲೇ ಕೂರುತ್ತೆ. ತೀರಾ ತೆಳ್ಳಗಿನ ಫಾಂಟ್ ನಿಮ್ಮ ಮಾನಿಟರಲ್ಲಿ ಚೆಂದ ಕಾಣುತ್ತೆ, ಕಂಪ್ರೆಸ್ ಆಗಿ ಫೋನಿಗೆ ಬಂದ್ರೆ ಮಾಯ.

ಹೆಸರು ಕನ್ನಡ ಲಿಪಿಲಿ ಇದ್ರೆ ಇನ್ನಷ್ಟು ಎಚ್ಚರ. ಒತ್ತಕ್ಷರ ಕೆಳಗೆ ಇಳಿಯೋದ್ರಿಂದ ಎರಡು ಸಾಲಿನ ಮಧ್ಯೆ ಅಂತರ ಜಾಸ್ತಿ ಬೇಕು, ಮತ್ತೆ ಇಂಗ್ಲಿಷಿಗೆ ಮಾಡಿರೋ ‘ಒಂದೊಂದೇ ಅಕ್ಷರ ಹಾರಿ ಬರೋ’ ಪ್ರೀಸೆಟ್ (ಸಿದ್ಧ ಎಫೆಕ್ಟ್) ಹಾಕಿದ್ರೆ ‘ಸ್ತ್ರೀ’ ಅನ್ನೋದು ಚೂರುಚೂರಾಗ್ಬಹುದು. ಪದ ಪದವಾಗಿ ಆನಿಮೇಟ್ ಮಾಡಿ, ಇಲ್ಲಾ ಟೆಕ್ಸ್ಟನ್ನ ಶೇಪ್, ಅಂದ್ರೆ ಚಿತ್ರದ ಆಕಾರ ಮಾಡ್ಕೊಂಡು ಒಂದು ಅಕ್ಷರದ ತುಂಡುಗಳನ್ನೆಲ್ಲ ಒಂದೇ ಗ್ರೂಪಲ್ಲಿಡಿ. ಒತ್ತು ಸರಿಯಾಗಿ ಕೂರ್ತಿಲ್ಲ ಅಂದ್ರೆ ಸಾಫ್ಟ್‌ವೇರಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ (ನಮ್ಮ ಲಿಪಿಗಳನ್ನ ಸರಿಯಾಗಿ ಜೋಡಿಸೋ ಸೆಟ್ಟಿಂಗ್) ಆನ್ ಆಗಿದ್ಯಾ ನೋಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಲೈಸೆನ್ಸ್ ಫಾಂಟ್‌ಗಳು, ಧೈರ್ಯವಾಗಿ ಬಳಸ್ಬಹುದು.

ಯಾರ ಹೆಸರು ಮುಂದೆ ಬರ್ಬೇಕು ಅನ್ನೋದಕ್ಕೆ ಟೀಮಲ್ಲಿ ಮನಸ್ತಾಪ ಆಗೋದು ನೋಡಿದೀನಿ, ಅದನ್ನ ಶೂಟಿಂಗ್ ಮುಂಚೆನೇ ಕೂತು ಮಾತಾಡ್ಕೊಳ್ಳಿ. ಮುಖ್ಯ ನಟರು, ಸಿನಿಮಾ ಹೆಸರು, ಕ್ಯಾಮೆರಾ, ಎಡಿಟಿಂಗ್, ಸೌಂಡ್, ಕೊನೆಗೆ ಡೈರೆಕ್ಟರ್, ಶುರುವಲ್ಲಿ ಇಷ್ಟು ಸಾಕು. ಒಬ್ಬರೇ ಬರೆದು ಎಡಿಟ್ ಮಾಡಿ ಡೈರೆಕ್ಟ್ ಮಾಡಿದ್ರೆ ಮೂರು ಕಾರ್ಡ್ ಹಾಕ್ಬೇಡಿ, ಒಂದರಲ್ಲೇ ಮೂರೂ ಬರೀರಿ. ಟೈಟಲ್ಸಿಂದ ಕಥೆಗೆ ದಾಟೋ ಜಾಗದಲ್ಲಿ ಮೊದಲ ಸೀನಿನ ಸೌಂಡನ್ನ ಎರಡು ಮೂರು ಸೆಕೆಂಡ್ ಮುಂಚೆನೇ ಒಳಗೆ ತನ್ನಿ, ಫ್ಯಾನ್ ಸದ್ದು, ಬಸ್ಸಿನ ಸದ್ದು, ಏನಿದ್ಯೋ ಅದು, ಆಗ ಕಟ್ ಗೊತ್ತೇ ಆಗಲ್ಲ.

ಕೊನೆಗೆ ಸ್ಪೆಲ್ಲಿಂಗ್. 1964ರ ‘ಡಾಕ್ಟರ್ ಸ್ಟ್ರೇಂಜ್‌ಲವ್’ಗೆ ಪಾಬ್ಲೊ ಫೆರೋ ಕೈಬರಹದಲ್ಲಿ ಮಾಡಿದ ಟೈಟಲ್ಸ್ ಇವತ್ತಿಗೂ ಜನ ಪಾಠದ ಥರ ನೋಡ್ತಾರೆ, ಅದ್ರಲ್ಲೂ ‘ಬೇಸ್ಡ್ ಆನ್’ ಅನ್ನೋ ಕಡೆ ‘ಬೇಸ್ ಆನ್’ ಅಂತ ಉಳ್ಕೊಂಡಿದೆ. ಹಾಗಾಗಿ ಪ್ರತಿಯೊಬ್ಬರಿಂದಲೂ ಅವರ ಹೆಸರನ್ನ ಅವರ ಕೈಯಿಂದಲೇ ಟೈಪ್ ಮಾಡಿಸ್ಕೊಂಡು ಅದನ್ನೇ ಕಾಪಿ ಮಾಡಿ, ಎಕ್ಸ್‌ಪೋರ್ಟ್ ಮುಂಚೆ ಸಿನಿಮಾ ಟೀಮಲ್ಲಿ ಇಲ್ಲದವರೊಬ್ಬರ ಹತ್ರ ಓದಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಹೆಸರುಗಳಿಲ್ಲದ ಕ್ಲೀನ್ ಕಾಪಿನೂ ಒಂದು ತೆಗೆದಿಡಿ, ಯಾವುದಾದ್ರೂ ಫೆಸ್ಟಿವಲ್‌ನೋರು ಬೇರೆ ಭಾಷೆಲಿ ಟೈಟಲ್ಸ್ ಬೇಕು ಅಂದಾಗ ಅದೇ ಕೆಲ್ಸಕ್ಕೆ ಬರೋದು.