ಆ ಜೋಕನ್ನು ಸ್ವಲ್ಪ ಬಿಡಿಸಿ ಹೇಳಿ

"ನನಗೆ ಆ ಜೋಕು ಅರ್ಥವಾಗಲಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?"

ಆಪ್ತ ಸಮಾಲೋಚಕಿಯಾಗಿ ಕಚೇರಿಗಳಿಗೆ ಹೋದಾಗ ನಾನು ತುಂಬ ಸಲ ಕೇಳುವ ಪ್ರಶ್ನೆ ಇದು. ಜಗಳವಾಗಿದೆ, ಯಾರೋ ಊಟಕ್ಕೆ ಜೊತೆಗೆ ಕೂರುತ್ತಿಲ್ಲ, ಇನ್ಯಾರೋ ರಾಜೀನಾಮೆ ಕೊಟ್ಟಿದ್ದಾರೆ ಎಂದಾಗ ಕಂಪನಿಯವರು ನಮ್ಮಂಥವರನ್ನು ಕರೆಸುತ್ತಾರೆ. ಅರ್ಧಕ್ಕರ್ಧ ಪ್ರಕರಣಗಳಲ್ಲಿ ಎಲ್ಲೋ ಒಂದು ಕಡೆ ಒಂದು ಜೋಕು ಸಿಗುತ್ತದೆ.

ಆ ದಿನ ನನ್ನೆದುರು ಒಬ್ಬ ಟೀಮ್ ಲೀಡ್ ಕೂತಿದ್ದರು. ಮೂವತ್ತೈದರ ಆಸುಪಾಸು, ಮೆತ್ತಗಿನ ಮಾತು. ಯಾರಿಗಾದರೂ ಹುಷಾರಿಲ್ಲದಿದ್ದರೆ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಜಾತಿಯವರು. ಹಿಂದಿನ ತಿಂಗಳು ಒಂದು ಸಂಜೆ ಕರೆಂಟ್ ಹೋಗಿತ್ತು. ಯುಪಿಎಸ್ ಹೊತ್ತಿಕೊಳ್ಳಲು ನಾಲ್ಕೈದು ಸೆಕೆಂಡ್ ಹಿಡಿಯಿತು. ಆ ಕತ್ತಲಲ್ಲಿ ಇವರು, "ಅವನಿಗೆ ಸ್ವಲ್ಪ ನಗೋಕೆ ಹೇಳ್ರಪ್ಪ, ಎಲ್ಲಿದ್ದಾನೆ ಅಂತ ಗೊತ್ತಾಗ್ಲಿ" ಅಂದರು. ಎಲ್ಲರೂ ನಕ್ಕರು. ಆ 'ಅವನೂ' ನಕ್ಕ. ಮರುದಿನದಿಂದ ಊಟದ ಡಬ್ಬಿಯನ್ನು ತನ್ನ ಮೇಜಿನ ಮೇಲೇ ಬಿಚ್ಚತೊಡಗಿದ.

"ಬಿಡಿಸಿ ಹೇಳಿ" ಅಂದೆ.

"ಅದೇ ಮೇಡಂ, ಕರೆಂಟ್ ಹೋಗಿತ್ತು..."

"ಹೂಂ."

"ಕತ್ತಲೆ ಇತ್ತಲ್ಲ... ಅವನು... ಅಂದ್ರೆ ಅವನ ಬಣ್ಣ..."

"ಹೂಂ. ಬಣ್ಣ?"

ಅಲ್ಲಿಗೆ ನಿಂತರು. ನೀರು ಕುಡಿದರು. ಆಮೇಲೆ, "ಬಿಡಿಸಿ ಹೇಳಿದ್ರೆ ಯಾವ ಜೋಕೂ ಜೋಕಾಗಿ ಉಳಿಯಲ್ಲ ಅಲ್ವಾ ಮೇಡಂ" ಅಂದರು.

ಮಾತು ನಿಜ. ಆದರೆ ಒಂದು ವ್ಯತ್ಯಾಸವಿದೆ. ಮ್ಯಾನೇಜರ್ ರಜೆ ಮಂಜೂರು ಮಾಡುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ ಎಂಬ ಜೋಕನ್ನು ಬಿಡಿಸಿ ಹೇಳಿದರೆ ಅದು ಸಪ್ಪೆಯಾಗುತ್ತದೆ, ಅಷ್ಟೇ. ಈ ಜೋಕನ್ನು ಬಿಡಿಸಿ ಹೇಳಲು ಹೊರಟರೆ ನಾಚಿಕೆಯಾಗುತ್ತದೆ. ಯಾಕೆಂದರೆ ಇದನ್ನು ಅರ್ಥ ಮಾಡಿಕೊಳ್ಳಲು ಕೇಳುಗನಿಗೆ ಮೊದಲೇ ಒಂದು ವಿಷಯ ಗೊತ್ತಿರಬೇಕು: ಆ ಮನುಷ್ಯನಲ್ಲಿ ನೋಡಬೇಕಾದ್ದು ಅವನ ಬಣ್ಣ, ಮತ್ತು ಆ ಬಣ್ಣ ನಗುವಂಥದ್ದು. ಬೆಳಕಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಈ ಮಾತನ್ನು ಜೋಕು ಹೇಳದೆಯೇ ಹೇಳುತ್ತದೆ.

ಹುಡುಗ ಯಲ್ಲಾಪುರದ ಕಡೆಯವನು. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಸಿದ್ದಿ ಸಮುದಾಯದವನು. ಉತ್ತರ ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನ ಎಷ್ಟೋ ಜನಕ್ಕೆ ಮಾತ್ರ ಈಗಲೂ ಹೇಳಬೇಕು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದ ಪೂರ್ವ ತೀರದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರ ಹಿರಿಯರಲ್ಲಿ ಹಲವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಡೆ ತಲೆತಲಾಂತರದಿಂದ ಇದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನವಾದಾಗ, ನಮ್ಮ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ ಎಂದು ಪತ್ರಿಕೆಗಳು ಬರೆದವು.

ಆ ಕಚೇರಿಯಲ್ಲಿ ಇವನ ಹೆಸರು 'ಗೇಲ್'. ಕ್ರಿಸ್ ಗೇಲ್. ಇವನಿಗೆ ಕ್ರಿಕೆಟ್ ಬರುವುದಿಲ್ಲ, ಲೆಕ್ಕ ಚೆನ್ನಾಗಿ ಬರುತ್ತದೆ. "ಗೇಲ್ ಅಂದ್ರೆ ಹೊಗಳಿಕೆನೇ ಅಲ್ವಾ?" ಎಂದು ಒಬ್ಬರು ನನ್ನನ್ನೇ ಕೇಳಿದರು. ಹೊಗಳಿಕೆಯ ಕಥೆಯೂ ಹಳೆಯದೇ. 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತದ ತರಬೇತಿಗೆ ಕರೆದುಕೊಂಡು ಹೋಗಿದ್ದರು. ಆಫ್ರಿಕಾದ ಮೂಲವಿದ್ದರೆ ಪದಕ ಗ್ಯಾರಂಟಿ ಎಂಬ ಲೆಕ್ಕಾಚಾರ. ಕೆಲವರು ಮೇಲೆ ಬಂದರು. ಮುಂದಿನ ದಶಕದಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಮೈಬಣ್ಣ ನೋಡಿ ಓಟಕ್ಕೆ ಇಳಿಸುವುದಕ್ಕೂ ಮೈಬಣ್ಣ ನೋಡಿ ನಗುವುದಕ್ಕೂ ಅಂತರವಿದೆ, ಒಪ್ಪುತ್ತೇನೆ. ನೋಡುತ್ತಿರುವುದು ಮಾತ್ರ ಒಂದನ್ನೇ.

"ಹಾಗಾದ್ರೆ ನಾನು ರೇಸಿಸ್ಟಾ ಮೇಡಂ?" ಟೀಮ್ ಲೀಡ್ ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ.

ಚರ್ಚೆಯೆಲ್ಲ ದಾರಿ ತಪ್ಪುವುದು ಇಲ್ಲೇ. ಜೋಕು ಜನಾಂಗೀಯವೇ ಎಂದು ಕೇಳಿದರೆ ನಾವು ಜೋಕು ಹೇಳಿದವರ ಮನಸ್ಸನ್ನು ಬಗೆದು ನೋಡಲು ಹೊರಡುತ್ತೇವೆ. ಅವರ ಮನಸ್ಸಿನಲ್ಲಿ ದ್ವೇಷ ಸಿಗದಿದ್ದರೆ ಜೋಕೂ ಖುಲಾಸೆ. ಇವೆರಡೂ ಬೇರೆ ಬೇರೆ ಪ್ರಶ್ನೆ. ಬಣ್ಣದ ಮೇಲಿನ ಕೀಳುನೋಟವನ್ನು ತೆಗೆದರೆ ಆ ಜೋಕಿನಲ್ಲಿ ನಗಲು ಏನೂ ಉಳಿಯುವುದಿಲ್ಲ, ಹಾಗಾಗಿ ಜೋಕು ಜನಾಂಗೀಯವೇ. ಹೇಳಿದವರು ಒಳ್ಳೆಯವರೂ ಇರಬಹುದು. ಒಳ್ಳೆಯವರ ಬಾಯಿಂದ ಬಂದದ್ದರಿಂದಲೇ ಅದು ಆ ರೂಮಿನಲ್ಲಿ ಅಷ್ಟು ಸಲೀಸಾಗಿ ಚಲಾವಣೆಯಾಯಿತು ಅನ್ನುವುದು ನನ್ನ ಅನುಭವ. ಮುಂಗೋಪಿಯೊಬ್ಬ ಹೇಳಿದ್ದರೆ ಯಾರಾದರೂ ಸುಮ್ಮನಿರಿಸುತ್ತಿದ್ದರೋ ಏನೋ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅವರು ತೆಗೆದುಕೊಂಡದ್ದು ಹೆಂಗಸರನ್ನು ಹಂಗಿಸುವ ಜೋಕುಗಳನ್ನು. ಕೆಲವು ಗಂಡಸರಿಗೆ ಆ ಜೋಕುಗಳನ್ನು ಓದಿಸಿ, ಆಮೇಲೆ ಮಹಿಳಾ ಸಂಸ್ಥೆಯೊಂದಕ್ಕೆ ಎಷ್ಟು ಹಣ ಕೊಡುತ್ತೀರಿ ಎಂದು ಕೇಳಿದರು. ಹೆಂಗಸರ ಬಗ್ಗೆ ಮೊದಲೇ ಅಸಹನೆ ಇದ್ದವರು ಜೋಕಿನ ನಂತರ ಕಡಿಮೆ ಕೊಡಲು ಮುಂದಾದರು. ಅಸಹನೆ ಇಲ್ಲದವರಲ್ಲಿ ಹೀಗಾಗಲಿಲ್ಲ. ಅಂದರೆ ಜೋಕು ಒಳ್ಳೆಯವರನ್ನು ಕೆಡಿಸಿಬಿಡುತ್ತದೆ ಅಂತಲ್ಲ. ಒಳಗೆ ಇಟ್ಟುಕೊಂಡವರಿಗೆ ಅದು 'ಇಲ್ಲಿ ನಡೆಯುತ್ತೆ' ಎಂಬ ಸನ್ನೆ. ನಮ್ಮ ಟೀಮಿನಲ್ಲೂ ಹಾಗೇ ಆಗಿತ್ತು. ಲೀಡ್ ಹೇಳಿದ್ದು ಒಂದು ಜೋಕು. ಅದಾದ ಮೇಲೆ ಇನ್ನೊಬ್ಬ ಆ ಹುಡುಗನ ಮೇಜಿನ ಮೇಲೆ ಬಾಳೆಹಣ್ಣು ಇಟ್ಟು ಹೋಗಿದ್ದ. ಲೀಡ್‌ಗೆ ಅದು ಗೊತ್ತೇ ಇರಲಿಲ್ಲ.

"ಅವನೂ ನಕ್ಕನಲ್ಲ" ಅನ್ನುವ ಮಾತನ್ನು ಎಲ್ಲ ಕಡೆ ಕೇಳುತ್ತೇನೆ.

ವೆಸ್ಟ್ ಇಂಡೀಸ್ ಮಾಜಿ ನಾಯಕ ಡ್ಯಾರೆನ್ ಸಾಮಿ ಐಪಿಎಲ್‌ನಲ್ಲಿ ಹೈದರಾಬಾದ್ ತಂಡಕ್ಕೆ ಆಡುತ್ತಿದ್ದಾಗ ಅವರನ್ನು 'ಕಾಲೂ' ಎಂದು ಕರೆಯುತ್ತಿದ್ದರು. (ಕನ್ನಡದವರಿಗೆ ಕೇಳಿದರೆ ಕಾಲು ಅಂದುಕೊಳ್ಳಬೇಕು. ಹಿಂದಿಯಲ್ಲಿ ಕರಿಯ.) ಬಲಶಾಲಿ ಕುದುರೆ ಎಂಬ ಅರ್ಥ ಇರಬೇಕು ಎಂದುಕೊಂಡಿದ್ದರಂತೆ ಸಾಮಿ. ಹಾಗೆ ಕರೆದಾಗಲೆಲ್ಲ ಸುತ್ತಲಿನವರು ನಗುತ್ತಿದ್ದರು, ತಂಡದವರ ಖುಷಿ ಅಂತ ಇವರೂ ಸುಮ್ಮನಿದ್ದರು. 2020ರ ಜೂನ್‌ನಲ್ಲಿ ಅರ್ಥ ತಿಳಿದು ಕೆಂಡವಾದರು. ಆಮೇಲೆ ಹಳೆಯ ಸಹ ಆಟಗಾರರೊಬ್ಬರು ಮಾತಾಡಿ, ಪ್ರೀತಿಯಿಂದ ಕರೆದದ್ದು ಅಂದರಂತೆ. ಸಾಮಿ ಅದನ್ನು ನಂಬಿದರು. ನಾನೂ ನಂಬುತ್ತೇನೆ. ಪ್ರೀತಿ ಇತ್ತು, ಪದ ಅದೇ ಇತ್ತು. ಅರ್ಥ ಗೊತ್ತಿಲ್ಲದವರ ನಗುವನ್ನು ಒಪ್ಪಿಗೆ ಎಂದು ಎಣಿಸುವುದು ಹೇಗೆ?

ಅರ್ಥ ಗೊತ್ತಿದ್ದವರೂ ನಗುತ್ತಾರೆ. ನಾನು ಎಂಎ ಓದಿದ್ದು ದಿಲ್ಲಿಯಲ್ಲಿ. ಹಾಸ್ಟೆಲಿನಲ್ಲಿ ನಾನು 'ಮದ್ರಾಸಿ'. ಮೈಸೂರು ಮದ್ರಾಸಿನಲ್ಲಿಲ್ಲ ಎಂದು ಮೊದಲ ತಿಂಗಳು ನಕ್ಷೆ ಸಮೇತ ವಾದ ಮಾಡಿದೆ. ಎರಡನೇ ತಿಂಗಳಿಂದ "ಅಯ್ಯಯ್ಯೋ" ಎಂದು ನಾನೇ ತಲೆಯಾಡಿಸಿ ನಗಿಸತೊಡಗಿದೆ. ಆ ಬೆಂಚಿನ ಮೇಲೆ ಕೂರಲು ಅದು ಟಿಕೆಟ್ ದುಡ್ಡು. ಮುಂಬೈಯಲ್ಲಿ 1960ರ ದಶಕದಲ್ಲಿ ದಕ್ಷಿಣದವರ ವಿರುದ್ಧ ಶಿವಸೇನೆಯ 'ಬಜಾವ್ ಪುಂಗಿ, ಹಟಾವ್ ಲುಂಗಿ' ಎಂಬ ಘೋಷಣೆ ಇತ್ತು. ಪ್ರಾಸ ಚೆನ್ನಾಗಿದೆ, ಕೇಳಿದರೆ ನಗು ಬರುತ್ತದೆ. ಆ ಗಲಾಟೆಯಲ್ಲಿ ಗಾಜು ಒಡೆಸಿಕೊಂಡ ಉಡುಪಿ ಹೋಟೆಲಿನವರಿಗೆ ನಗು ಬಂದಿರಲಿಕ್ಕಿಲ್ಲ.

ಆದರೂ ನನ್ನ ಕಥೆಯನ್ನು ಹುಡುಗನ ಕಥೆಗೆ ಜೋಡಿಸಿ, ಎಲ್ಲರಿಗೂ ಆಗುವುದೇ ಅನ್ನಲಾರೆ. ನಾನು ರೈಲು ಹತ್ತಿ ಮೈಸೂರಲ್ಲಿ ಇಳಿದರೆ ಮದ್ರಾಸಿ ಅಲ್ಲಿಗೆ ಮುಗಿಯುತ್ತಿತ್ತು. ಇವನು ತನ್ನದೇ ರಾಜ್ಯದಲ್ಲಿ, ತನ್ನದೇ ಭಾಷೆಯಲ್ಲಿ ಇದನ್ನೆಲ್ಲ ಕೇಳಬೇಕು. ರೈಲು ಹತ್ತಿದವರನ್ನೂ ಈ ಊರು ನೋಡಿದೆ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕಾರಣ ವದಂತಿ, ಜೋಕಲ್ಲ. ಆದರೆ ದಿನಾ 'ಚಿಂಕಿ', 'ಮೋಮೋ' ಅನ್ನಿಸಿಕೊಂಡವರಿಗೆ, ಹೊತ್ತು ಬಂದರೆ ಪಕ್ಕದ ಮನೆಯವರು ಬಾಗಿಲು ತೆಗೆಯುತ್ತಾರೆ ಎಂಬ ನಂಬಿಕೆ ಎಷ್ಟಿದ್ದೀತು? ಸುಮಾರು ಒಂದೂವರೆ ವರ್ಷದ ನಂತರ, 2014ರ ಜನವರಿಯಲ್ಲಿ, ದಿಲ್ಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹೊಡೆತ ತಿಂದು ಸತ್ತ. ಜಗಳ ಶುರುವಾದದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಆಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ಇಂಥ ನಿಂದನೆಗೇ ಹೊಸ ಕಾನೂನು ಬೇಕು, ಇಲ್ಲವೇ ದಂಡ ಸಂಹಿತೆಗೆ ತಿದ್ದುಪಡಿಯಾಗಬೇಕು ಎಂದು ಸಮಿತಿ ಅದೇ ವರ್ಷ ಹೇಳಿತು.

ಕಾನೂನಿನ ಮಾತು ವಕೀಲರಿಗೆ ಬಿಡುತ್ತೇನೆ. ಒಂದು ಮಾತ್ರ ಹೇಳಬೇಕು. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ, ಹತ್ತು ಜನರಿರುವ ಕಚೇರಿಯಲ್ಲೂ ಸಮಿತಿ ಇರಲೇಬೇಕು. ಬಣ್ಣ, ಮುಖಚರ್ಯೆಯ ಗೇಲಿಗೆ ಅಂಥ ಕಡ್ಡಾಯ ಸಮಿತಿ ಇಲ್ಲ. ಹಾಗಾಗಿ ಇವೆಲ್ಲ ಎಚ್‌ಆರ್ ಮೇಜಿನಲ್ಲಿ 'ಹೊಂದಾಣಿಕೆ ಸಮಸ್ಯೆ' ಎಂಬ ಹೆಸರಲ್ಲಿ ಕೂತಿರುತ್ತವೆ. ಈ ಹುಡುಗನ ಫೈಲಿನ ಮೇಲೂ ಅದೇ ಬರೆದಿತ್ತು.

ಹಾಗಾದರೆ ಜನಾಂಗದ ಸುದ್ದಿ ಬಂದರೆ ನಗಲೇಬಾರದಾ? ನನಗೆ ಹಾಗನಿಸುವುದಿಲ್ಲ. ಒಳ್ಳೆಯ ಜೋಕನ್ನು ನನಗೆ ಹೇಳಿದ್ದು ಆ ಹುಡುಗನೇ. ಆಟೋದವರು, ಅಂಗಡಿಯವರು, ಮನೆ ಬಾಡಿಗೆಗೆ ಕೊಡುವವರು ಎಲ್ಲರೂ ಇಂಗ್ಲಿಷಿನಲ್ಲಿ ಅವನನ್ನು ಯಾವ ದೇಶ ಎಂದು ಕೇಳುತ್ತಾರೆ.

"ನಾನು ಕನ್ನಡದಲ್ಲೇ ಹೇಳೋದು ಮೇಡಂ. ನಮ್ಮ ದೇಶಕ್ಕೆ ಹೋಗ್ಲಿಕ್ಕೆ ಹುಬ್ಬಳ್ಳೀಲಿ ಬಸ್ ಬದಲಿಸ್ಬೇಕು. ವೀಸಾ ಕೇಳೋದಿಲ್ಲ, ಚಿಲ್ಲರೆ ಕೇಳ್ತಾರೆ."

ನಾನು ಜೋರಾಗಿ ನಕ್ಕೆ. ಇಲ್ಲೂ ಬಣ್ಣವಿದೆ, ಆಫ್ರಿಕಾವಿದೆ. ಆದರೆ ನಗು ಬೀಳುವುದು ಕೇಳಿದವನ ಮೇಲೆ. ಬಿಡಿಸಿ ಹೇಳಿದರೂ ಯಾರೂ ನೀರು ಕುಡಿಯಬೇಕಾಗಿಲ್ಲ.

ಟೀಮ್ ಲೀಡ್ ಆ ವಾರವೇ ಕ್ಷಮೆ ಕೇಳಿದರು. ಎಲ್ಲರ ಮುಂದೆ ಕೇಳುತ್ತೇನೆ ಅಂದಿದ್ದರು, ನಾನು ಬೇಡ ಅಂದೆ. ಎಲ್ಲರ ಮುಂದೆ ಕೇಳಿದರೆ ಹುಡುಗ ಎಲ್ಲರ ಮುಂದೆ ಕ್ಷಮಿಸಬೇಕಾಗುತ್ತದೆ, ಅದೂ ಇನ್ನೊಂದು ಟಿಕೆಟ್. ಇಬ್ಬರೇ ಕೂತು ಚಹಾ ಕುಡಿದರು. 'ಗೇಲ್' ನಿಂತಿತು. ಒಬ್ಬಿಬ್ಬರು ಬಾಯಿ ತಪ್ಪಿ ಅಂದು ನಾಲಿಗೆ ಕಚ್ಚಿಕೊಂಡರಂತೆ.

ಎರಡು ತಿಂಗಳ ಮೇಲೆ ಅವನ ಫೋನ್ ಬಂತು. ಟೀಮಿಗೆ ಮಣಿಪುರದ ಹುಡುಗಿಯೊಬ್ಬಳು ಸೇರಿದ್ದಳು. ಮೂರನೇ ದಿನ ಕ್ಯಾಂಟೀನಿನಲ್ಲಿ ಯಾರೋ, "ಇವತ್ತು ಮೋಮೋ ಯಾರು ಮಾಡಿದ್ದು, ನೀನೇನಾ?" ಅಂದರಂತೆ. ಇಡೀ ಮೇಜು ನಕ್ಕಿತು.

"ಮೇಡಂ," ಅಂದ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ನಾನೂ ನಕ್ಕೆ."

ಬುಧವಾರ ಐದು ಗಂಟೆಗೆ ಬರಲು ಹೇಳಿದ್ದೇನೆ.